ಕೂಡ್ಲಾನಿಗೆ ಹಿಡಿ ಮಣ್ಣು

ಗ್ಯಾಸ್ ಸಿಲಿಂಡರು ಬೇರೆ ಯಾವ ದಿನವಾದರೂ ಖಾಲಿಯಾಗಬಹುದಿತ್ತು. ಆದರೆ ಸಂಘಮಿತ್ರಾ ಪುಣೆಯಿಂದ ಕಾನಹೊಸಹಳ್ಳಿಗೆ ಬಂದಿಳಿದು, ಅವ್ವನ ಮುಂದೆ ಕೂತು, ಮೂಗು ಕೆಂಪಗಾಗುವವರೆಗೆ ಅತ್ತ ಬೆಳಿಗ್ಗೆಯೇ ಅದು ಖಾಲಿಯಾಯಿತು. ಏನು ಹೇಳೋಣ ಅದರ ಬುದ್ಧಿಗೆ! ಒಂದು ಹೊತ್ತಿನ ಅನ್ನ ಬೇಯುವಷ್ಟು ತಡೆದುಕೊಂಡಿದ್ದರೆ ಐದು ತಾಲ್ಲೂಕಿನ ಜನ ಸೇರಿ, ಹುಟ್ಟೇ ಇರದ ಒಂದು ಕಣಕ್ಕೆ ಹೆಗಲು ಕೊಡುವ ಪ್ರಸಂಗ ಬರುತ್ತಲೇ ಇರಲಿಲ್ಲ.

ಸಂಘಮಿತ್ರಾ ಯಾರೆಂದು ಕಾನಹೊಸಹಳ್ಳಿಯಲ್ಲಿ ಕೇಳಿದರೆ ನಿಮ್ಮನ್ನೇ ಕೆಕ್ಕರಿಸಿ ನೋಡುತ್ತಾರೆ. ರಸ್ತೆಗೆ ಡಾಂಬರು ಹಾಕುವ ಗ್ಯಾಂಗಿನಲ್ಲಿದ್ದ ಸುಂಕಪ್ಪನ ಮಗಳು. ಊರಿನ ಸರ್ಕಾರಿ ಶಾಲೆಯಿಂದ ಕೂಡ್ಲಿಗಿಯ ಕಾಲೇಜಿಗೆ, ಅಲ್ಲಿಂದ ಬಳ್ಳಾರಿಗೆ, ಬಳ್ಳಾರಿಯಿಂದ ಹಿಮ ಬೀಳುವ ಯಾವುದೋ ದೇಶಕ್ಕೆ ಹೋಗಿ ಬಂದು, ಈಗ ಪುಣೆಯ ಸಂಸ್ಥೆಯೊಂದರಲ್ಲಿ ಸೈದ್ಧಾಂತಿಕ ಭೌತವಿಜ್ಞಾನ ವಿಭಾಗದ ಮುಖ್ಯಸ್ಥೆ. ಸೈದ್ಧಾಂತಿಕ ಅಂದರೆ ಈಕೆ ಏನನ್ನೂ ಕಾಯಿಸುವುದಿಲ್ಲ, ಒಡೆಯುವುದಿಲ್ಲ, ತೂಗುವುದಿಲ್ಲ. ಕರಿಹಲಗೆಯ ಮುಂದೆ ನಿಂತು ಜಗತ್ತು ಹೇಗಿರಬೇಕು ಎಂದು ಲೆಕ್ಕ ಹಾಕುತ್ತಾಳೆ. ಅದು ಹಾಗೆ ಇದೆಯೋ ಇಲ್ಲವೋ ಎಂದು ನೋಡುವುದು ಬೇರೆಯವರ ಕೆಲಸ.

ಹಿಮದ ದೇಶದಲ್ಲಿದ್ದಾಗ, ವಯಸ್ಸಿನ್ನೂ ಮೂವತ್ತು ದಾಟುವ ಮೊದಲೇ, ಅವಳೊಂದು ಲೇಖನ ಬರೆದಳು. ಜಗತ್ತನ್ನು ಕಟ್ಟಿರುವ ಮೂಲಕಣಗಳ ಲೆಕ್ಕ ಹೀಗೇ ಬಿಟ್ಟರೆ ಕುಸಿಯುತ್ತದೆ, ಅದಕ್ಕೆ ಆಸರೆಯಾಗಿ ಇನ್ನೂ ಒಂದು ಕಣ ಇರಲೇಬೇಕು ಎಂದು ಅದರಲ್ಲಿ ತೋರಿಸಿದಳು. ಹೊಸ ಕಣಕ್ಕೊಂದು ಹೆಸರು ಬೇಕಲ್ಲ? ಕಿಟಕಿಯಾಚೆ ಹಿಮ, ಹೊಟ್ಟೆಯಲ್ಲಿ ಬ್ರೆಡ್ಡು, ಮನಸ್ಸಿನಲ್ಲಿ ಊರು. ತನ್ನ ಕೂಡ್ಲಿಗಿ ತಾಲ್ಲೂಕಿನ ನೆನಪಿಗೆ ‘ಕೂಡ್ಲಾನ್’ ಅಂತ ಇಟ್ಟಳು. ಅವತ್ತಿನಿಂದ ಜಪಾನಿನವರೂ ಜರ್ಮನಿಯವರೂ ನಾಲಿಗೆ ತಿರುಚಿಕೊಂಡು ಕೂಡ್ಲಾನ್ ಕೂಡ್ಲಾನ್ ಎನ್ನತೊಡಗಿದರು. ಬಹುಮಾನಗಳು ಬಂದವು, ಶಿಷ್ಯರು ಬಂದರು, ಊರಿನಲ್ಲಿ ಹೆಸರಾಯಿತು. ಬಾರದೇ ಇದ್ದದ್ದು ಕೂಡ್ಲಾನ್ ಒಂದೇ.

ಇಂಥ ಕಣಗಳನ್ನು ಹುಡುಕಲೆಂದೇ ವಿದೇಶದಲ್ಲಿ ನೆಲದಡಿ ಕಟ್ಟಿರುವ ದೊಡ್ಡ ಯಂತ್ರದಲ್ಲಿ ಕಣಕ್ಕೆ ಕಣ ಡಿಕ್ಕಿ ಹೊಡೆಸಿ ಚೂರುಗಳಲ್ಲಿ ಹುಡುಕಿದರು, ಸಿಗಲಿಲ್ಲ. ಹಾಗಾದರೆ ಕೂಡ್ಲಾನ್ ನಾವಂದುಕೊಂಡದ್ದಕ್ಕಿಂತ ಭಾರ ಇರಬೇಕು ಎಂದು ಸಂಘಮಿತ್ರಾ ಲೆಕ್ಕ ತಿದ್ದಿ ಭಾರ ಏರಿಸಿದಳು. ಯಂತ್ರದ ಶಕ್ತಿ ಹೆಚ್ಚಿಸಿ ಹುಡುಕಿದರು, ಸಿಗಲಿಲ್ಲ. ಮತ್ತೆ ಏರಿಸಿದಳು. ಮತ್ತೂ ಒಂದು ಸಲ ಏರಿಸಿದಳು. ತೊಂದರೆ ಏನೆಂದರೆ, ಭಾರ ಏರಿದಷ್ಟೂ ಅದು ಆಸರೆಯ ಕೆಲಸಕ್ಕೆ ಬಾರದೆ ಹೋಗುತ್ತದೆ. ಬಿರುಕು ಬಿಟ್ಟ ಜಂತಿಗೆ ಕೊಡಬೇಕಾದ ಕಂಬವನ್ನು ಸರಿಸುತ್ತ ಸರಿಸುತ್ತ ಹಿತ್ತಲಿಗೆ ಒಯ್ದು ನಿಲ್ಲಿಸಿದ ಹಾಗೆ. ಇದು ಅವಳಿಗೆ ಬೇರೆ ಯಾರಿಗಿಂತಲೂ ಚೆನ್ನಾಗಿ ಗೊತ್ತಿತ್ತು.

ಈಗ ಯಂತ್ರದ ಕೊನೆಯ ಫಲಿತಾಂಶವೂ ಬಂದಿತ್ತು: ಇಲ್ಲ. ಅವಳ ಹಳೆಯ ಶಿಷ್ಯ, ಈಗ ಅದೇ ವಿಭಾಗದಲ್ಲಿರುವ ಪ್ರವೀಣಕುಮಾರ್, ನಾಲ್ಕನೆಯ ಸಲ ಭಾರ ಏರಿಸುವ ಲೇಖನ ತಯಾರು ಮಾಡಿಟ್ಟುಕೊಂಡು ಕೂತಿದ್ದ. ಅವಳ ಹೆಸರಿಲ್ಲದೆ ಅದನ್ನು ಯಾರೂ ಮೂಸಿ ನೋಡುವುದಿಲ್ಲ. ‘ಭಾನುವಾರ ಸಂಜೆಯೊಳಗೆ ಹೂಂ ಅನ್ನಿ ಮೇಡಂ, ಕೂಡ್ಲಾನನ್ನು ಉಳಿಸಿಕೊಳ್ಳೋಣ’ ಎಂದಿದ್ದ. ಹೂಂ ಅಂದರೆ ಕಣ ಇನ್ನೂ ಹತ್ತು ವರ್ಷ ಬದುಕುತ್ತದೆ, ಅವಳು ನಿವೃತ್ತಿಯಾಗುವವರೆಗೆ ಸಾಕು. ಉಹೂಂ ಅಂದರೆ ಇಡೀ ಜೀವಮಾನದ ಕೆಲಸ ಸೊನ್ನೆ.

ಅದೇ ಭಾನುವಾರ ಊರಿನಲ್ಲಿ ಹೆದ್ದಾರಿ ಪಕ್ಕದ ‘ಕೂಡ್ಲಾನ್ ವೃತ್ತ’ದ ಉದ್ಘಾಟನೆ, ಅವಳಿಗೆ ಸನ್ಮಾನ. ಶೇಂಗಾ ವ್ಯಾಪಾರಿ ಪಂಚಾಕ್ಷರಪ್ಪನವರೇ ಸನ್ಮಾನ ಸಮಿತಿಯ ಅಧ್ಯಕ್ಷರು. ಶಾಮಿಯಾನದ ಅಂಗಡಿಯೂ ಅವರದೇ ಇದ್ದುದರಿಂದ ಊರಿನ ಯಾವ ಸಮಿತಿಗೂ ಅವರೇ ಅಧ್ಯಕ್ಷರು. ವೃತ್ತದ ನಡುವೆ ಕಣದ ಮೂರ್ತಿ ಕೂರಿಸಬೇಕೆಂದು ಹಿಂದೊಮ್ಮೆ ಅವಳಿಗೆ ಫೋನು ಮಾಡಿ, ಎಷ್ಟು ದೊಡ್ಡದಿರಬೇಕು ಎಂದು ಕೇಳಿದ್ದರು. ಅದಕ್ಕೆ ಗಾತ್ರವೇ ಇಲ್ಲ ಎಂದಿದ್ದಳು. ‘ಹಂಗಾರ ಕುಂಬಳಕಾಯಿಯಷ್ಟು ಮಾಡಸ್ತೀನಿ ಬಿಡ್ರಿ’ ಎಂದು, ಸಿಮೆಂಟಿನ ಗುಂಡು ಮಾಡಿಸಿ, ಬಂಗಾರದ ಬಣ್ಣ ಬಳಿಸಿಟ್ಟಿದ್ದರು.

ಇಷ್ಟನ್ನೂ ತಲೆಯಲ್ಲಿ ಹೊತ್ತು ಬಂದ ಮಗಳು ಅವ್ವ ದುರುಗಮ್ಮನ ಮುಂದೆ ಅತ್ತಳು. ಅಷ್ಟರಲ್ಲಿ ಒಲೆ ಆರಿತು. ತಮ್ಮ ಹುಲುಗೇಶ್ ಕೂಡ್ಲಿಗಿಯ ಬ್ಯಾಂಕಿಗೆ ಹೋಗಿದ್ದ. ಸಿಲಿಂಡರು ತರುವವರು ಯಾರು? ಅತ್ತು ಮುಗಿಯಲಿ, ಆಮೇಲೆ ನೋಡೋಣ ಎಂದು ದುರುಗಮ್ಮ ಮಗಳ ಬೆನ್ನು ಸವರುತ್ತ ಕೂತಳು.

ಎದುರು ಮನೆಯ ಕನಕಮ್ಮ ಬಟ್ಟೆ ಒಣಹಾಕುತ್ತಿದ್ದವಳು ಇದನ್ನು ನೋಡಿದಳು. ಮನೆಮಗಳು ದೂರದ ಊರಿಂದ ಓಡಿಬಂದಿದ್ದಾಳೆ, ಅಳುತ್ತಿದ್ದಾಳೆ, ಹೊತ್ತು ನೆತ್ತಿಗೇರಿದರೂ ಒಲೆ ಹಚ್ಚಿಲ್ಲ. ಇದಕ್ಕಿಂತ ಹೆಚ್ಚಿನ ಸುದ್ದಿ ಏನು ಬೇಕು? ಆ ಓಣಿಯಲ್ಲಿ ಸಾವಿನ ಮನೆಗೆ ಮೊದಲು ಅನ್ನ ಹೋಗುತ್ತದೆ, ಯಾರು ಸತ್ತರು ಎಂಬ ಪ್ರಶ್ನೆ ಹಿಂದಿನಿಂದ ಹೋಗುತ್ತದೆ. ಕನಕಮ್ಮ ದೊಡ್ಡ ಪಾತ್ರೆಯಲ್ಲಿ ಅನ್ನ, ಇನ್ನೊಂದರಲ್ಲಿ ತಿಳಿಸಾರು ಹಿಡಿದು ಬಂದಳು. ಸುಮ್ಮನೆ ಕೆಳಗಿಟ್ಟು, ದುರುಗಮ್ಮನ ಪಕ್ಕದಲ್ಲಿ ಕೂತು, ಸೆರಗು ಬಾಯಿಗೆ ಒತ್ತಿಕೊಂಡು ತಾನೂ ಅಳತೊಡಗಿದಳು.

ಆಮೇಲೆ ಬಂದವಳು ಅನ್ನ ನೋಡಿ ಅತ್ತಳು. ಅದರಾಚೆಯವಳು ಇವರಿಬ್ಬರನ್ನು ನೋಡಿ ಅತ್ತಳು. ಗಂಡಸರು ಬಂದು ಹೊರಗೆ ಟವೆಲು ಹಾಸಿಕೊಂಡು ಕೂತರು. ಯಾರೂ ಏನೂ ಕೇಳಲಿಲ್ಲ. ಕೇಳುವುದು ಮರ್ಯಾದೆಯಲ್ಲ.

ಸಂಘಮಿತ್ರಾಗೆ ಕೊನೆಗೂ ಅನುಮಾನ ಬಂತು. ಕಣ್ಣೊರೆಸಿಕೊಂಡು ಸುತ್ತ ನೋಡಿದಳು. “ಯವ್ವಾ, ಇವರೆಲ್ಲ ಯಾಕ ಅಳಾಕ ಹತ್ಯಾರ?”

“ನೀ ಅಳಾಕತ್ತಿದ್ದೆಲ್ಲ, ಅದಕ್ಕ,” ಎಂದಳು ದುರುಗಮ್ಮ.

ಕನಕಮ್ಮ ಮೂಗು ಸೀಟಿಕೊಂಡು ಮೆಲ್ಲಗೆ ಬಾಯಿ ಬಿಟ್ಟಳು. “ಯಕ್ಕಾ, ಯಾರು ಹೋದ್ರು?”

ಇಲ್ಲಿ ದುರುಗಮ್ಮ ‘ಯಾರೂ ಹೋಗಿಲ್ಲ, ಗ್ಯಾಸ್ ಹೋಗೈತಿ’ ಎಂದಿದ್ದರೆ ಕಥೆ ಮುಗಿಯುತ್ತಿತ್ತು. ಸಂಘಮಿತ್ರಾ ಅದನ್ನೇ ಹೇಳಲು ಬಾಯಿ ತೆರೆದಳು. ದುರುಗಮ್ಮ ಅವಳ ಮೊಣಕಾಲು ಅದುಮಿದಳು. ಬಾಗಿಲಲ್ಲಿ ತುಂಬಿದ್ದ ಜನರನ್ನು ಒಂದು ಸಲ ನೋಡಿದಳು.

“ಕೂಡ್ಲಾನ್ ಹೋತವ್ವ,” ಎಂದಳು. “ನನ್ನ ಮಗಳು ಇಪ್ಪತ್ತೈದು ವರ್ಷ ಹೊತ್ತಿದ್ದು.”

“ಯವ್ವಾ, ಅದು ಹುಟ್ಟೇ ಇಲ್ಲಬೇ!” ಸಂಘಮಿತ್ರಾ ಅವ್ವನ ಕಿವಿಗೆ ಬಾಗಿದಳು. “ಹುಟ್ಟದಿದ್ದದ್ದು ಸಾಯೋದು ಹ್ಯಾಂಗ?”

“ಹೊಟ್ಟ್ಯಾಗ ಹೋದ ಕೂಸಿಗೂ ಮಣ್ಣು ಕೊಡ್ತೀವಿಲ್ಲ? ಸುಮ್ಕಿರು. ಅನ್ನ ಬಂದುಬಿಟ್ಟೈತಿ, ತಿರುಗಿ ಕಳಿಸಬಾರದು.”

ಜಗತ್ತಿನ ಯಾವ ವಿಚಾರ ಸಂಕಿರಣದಲ್ಲೂ ಸಂಘಮಿತ್ರಾಗೆ ಇಂಥ ವಾದ ಎದುರಾಗಿರಲಿಲ್ಲ.

ಸುದ್ದಿ ಕೇಳಿ ಪಂಚಾಕ್ಷರಪ್ಪನವರು ಬೈಕು ಓಡಿಸಿಕೊಂಡು ಬಂದರು. ಬಂದವರು ಓಣಿಯ ತುದಿಯಲ್ಲೇ ಬೈಕು ನಿಲ್ಲಿಸಿದರು. ಅಲ್ಲಿಂದ ಮುಂದಕ್ಕೆ ಅವರು ಹಿಂದೆ ಯಾವತ್ತೂ ಬಂದವರಲ್ಲ. ಸುಂಕಪ್ಪ ತೀರಿಕೊಂಡಾಗಲೂ ಅದೇ ತುದಿಯಲ್ಲಿ ನಿಂತು, ‘ಒಳ್ಳೆ ಮನುಷ್ಯ’ ಎಂದು ಗಾಳಿಗೆ ಹೇಳಿ ವಾಪಸು ಹೋದವರು. ಆದರೆ ಈಗ ಸಮಿತಿಯ ಮಾನದ ಪ್ರಶ್ನೆ. ಒಂದು ನಿಮಿಷ ಒದ್ದಾಡಿ, ಚಪ್ಪಲಿ ಸರಿಮಾಡಿಕೊಂಡು ನಡೆದೇ ಬಂದರು.

ಸಂಘಮಿತ್ರಾ ಅವರಿಗೆ ಎಲ್ಲವನ್ನೂ ನೆಟ್ಟಗೆ ಬಿಡಿಸಿ ಹೇಳಿದಳು. ಹುಡುಕಿದರು, ಸಿಗಲಿಲ್ಲ, ಇಲ್ಲವೆಂದು ಗೊತ್ತಾಯಿತು. ದಯವಿಟ್ಟು ಸನ್ಮಾನ ರದ್ದು ಮಾಡಿ. ಪಂಚಾಕ್ಷರಪ್ಪನವರಿಗೆ ಪೂರ್ತಿ ಅರ್ಥವಾಯಿತು. ಅವರೇನು ದಡ್ಡರಲ್ಲ.

“ಮೇಡಮ್ಮೋರೆ, ಸಿಗದಿದ್ದಕ್ಕ ಸನ್ಮಾನ ಮಾಡಾಕ ಬರಂಗಿಲ್ಲ, ಒಪ್ಪಿದೆ. ಆದ್ರ ಬೂಂದಿ ಕಟ್ಟಿಸೀನಿ. ಅಡಿಗಿಯೋರು ಕೊಟ್ಟೂರಿಂದ ಹೊಂಟಾರ. ಐದು ತಾಲ್ಲೂಕಿಗೆ ಕರೆ ಹೋಗೈತಿ. ಕರೆದ ಮ್ಯಾಲೆ ಬರಬ್ಯಾಡ್ರಿ ಅನ್ನೋದು ನಮ್ಮ ವಂಶದಾಗ ಇಲ್ಲ.” ಸ್ವಲ್ಪ ಹೊತ್ತು ಹೆಬ್ಬೆರಳಿನಿಂದ ಹಣೆ ತಿಕ್ಕಿಕೊಂಡರು. ಆಮೇಲೆ ದುರುಗಮ್ಮನ ಮುಂದಿದ್ದ ಅನ್ನದ ಪಾತ್ರೆ ನೋಡಿದರು. ಮುಖ ಅರಳಿತು. ತಕ್ಷಣ, ಸಂದರ್ಭಕ್ಕೆ ತಕ್ಕಂತೆ, ಅದನ್ನು ಬಾಡಿಸಿಕೊಂಡರು. “ಹಂಗಾರ ಶ್ರದ್ಧಾಂಜಲಿನೇ ಆಗಲಿ ಬಿಡ್ರಿ. ಶಾಮಿಯಾನ ಐತಿ, ಬೂಂದಿ ಐತಿ.”

ಮಾರನೆಯ ದಿನ ಬೆಳಗಾಗುತ್ತಿದ್ದಂತೆ ಮಾತಾಡಿಸಿಕೊಂಡು ಹೋಗುವವರು ಶುರುವಾದರು. ನಮ್ಮ ಕಡೆ ದುಃಖದಲ್ಲಿರುವವರನ್ನು ಒಂಟಿಯಾಗಿ ಬಿಡುವ ಪದ್ಧತಿಯಿಲ್ಲ. ಅವರಿಗೆ ಬೇಕಿರಲಿ ಬೇಡವಾಗಿರಲಿ, ಬಂದು ಎದುರು ಕೂತು, ನಿಟ್ಟುಸಿರು ಬಿಟ್ಟು, ಕೇಳಬೇಕಾದ್ದನ್ನೆಲ್ಲ ಕೇಳಿ ಹೋಗುತ್ತಾರೆ. ಸಂಘಮಿತ್ರಾಳನ್ನು ಗೋಡೆಗೆ ಒರಗಿಸಿ ಚಾಪೆಯ ಮೇಲೆ ಕೂರಿಸಿದ್ದರು. ಸಂಜೆಯೊಳಗೆ ಎದ್ದು ಓಡಿಹೋಗಬೇಕೆಂದುಕೊಂಡಿದ್ದವಳು ಅಲ್ಲೇ ಸಿಕ್ಕಿಬಿದ್ದಳು.

“ಬಾಳ ನರಳಿತೇನವ್ವ?” ಕನಕಮ್ಮ ಕೇಳಿದಳು.

“ಇಲ್ಲ. ಇದ್ದಿದ್ದರೂ ಅದರ ಆಯುಷ್ಯ ಬಾಳ ಸಣ್ಣದು. ಕಣ್ಣು ಮಿಟುಕಿಸೋದ್ರಾಗ ಕೋಟಿ ಕೋಟಿ ಸಲ ಹುಟ್ಟಿ ಸಾಯಬೌದು, ಅಷ್ಟು ಸಣ್ಣದು.”

“ಅಯ್ಯ ಶಿವನ! ಅಷ್ಟೇ ಆಯುಷ್ಯನಾ? ಏನು ಕಂಡಂಗಾತು ಪಾಪ.” ಕನಕಮ್ಮನ ಕಣ್ಣಲ್ಲಿ ನಿಜವಾಗಿಯೂ ನೀರು ಬಂತು. “ಲಗ್ನ ಆಗಿತ್ತೇನು?”

ಸಂಘಮಿತ್ರಾ ಇಲ್ಲವೆನ್ನಬೇಕೆಂದಿದ್ದಳು. ಆದರೆ ಅವಳು ಜೀವನದಲ್ಲಿ ಲೆಕ್ಕಕ್ಕೆ ಮೋಸ ಮಾಡಿದವಳಲ್ಲ. “ಒಂದು ಜೋಡಿ ಕಣ ಐತಿ. ಅದಕ್ಕ ಜೋಡಿಯಾಗೇ ಇದನ್ನ ಬರದಿದ್ದೆ.”

“ಅದು ಐತಾ?”

“ಅದು ಐತಿ. ಎಲ್ಲಾ ಕಡೆ ಐತಿ. ನಿನ್ನೊಳಗೂ ಐತಿ, ನನ್ನೊಳಗೂ ಐತಿ.”

ಹೆಂಗಸರೆಲ್ಲ ತಮ್ಮ ತಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡರು. “ಪಾಪ, ಒಂಟಿ ಆತು,” ಎಂದಳು ಕನಕಮ್ಮ. ಯಾಕೋ ಆ ಮಾತಿಗೆ ಸಂಘಮಿತ್ರಾ ಕನಕಮ್ಮನ ಕೈ ಹಿಡಿದುಕೊಂಡಳು. ಪುಣೆಯಲ್ಲಿ ಫಲಿತಾಂಶ ಬಂದ ದಿನ ಸಹೋದ್ಯೋಗಿಗಳು ಕಾಫಿ ಕುಡಿಯುತ್ತ, ಪಾಪ ಎಂಬ ಒಂದು ಮಾತೂ ಇಲ್ಲದೆ, ಮುಂದಿನ ಲೇಖನದ ಬಗ್ಗೆ ಮಾತಾಡಿದ್ದರು.

ಹಗರಿಬೊಮ್ಮನಹಳ್ಳಿಯವರು ದೊಡ್ಡ ಹೂವಿನ ಹಾರ ತಂದರು. ಸನ್ಮಾನಕ್ಕೆಂದು ಕಟ್ಟಿಸಿದ್ದು, ದುಃಖಕ್ಕೂ ನಡೆಯುತ್ತದೆ ಎಂದು ಬಿಟ್ಟರು. ಕೊಟ್ಟೂರಿನವರು ಮೂಟೆ ಮಂಡಕ್ಕಿ ತಂದರು. ಹರಪನಹಳ್ಳಿಯಿಂದ ಚಿಗಟೇರಿಯ ಪಾಲಾಕ್ಷಪ್ಪ ಎಂಬ ಹಿರಿಯರ ಮುಂದಾಳತ್ವದಲ್ಲಿ ಜೀಪು ತುಂಬ ಜನ ಬಂದರು. ಕೂತು, ಕೈಮುಗಿದು, ನಿಟ್ಟುಸಿರು ಬಿಟ್ಟು, ಪಾಲಾಕ್ಷಪ್ಪ ಗಂಟಲು ಸರಿಮಾಡಿಕೊಂಡರು. “ಇಂಥ ಟೈಮ್ನಾಗೆ ಕೇಳಬಾರ್ದು ಮೇಡಂ. ಆದ್ರೂ ದೂರದಿಂದ ಬಂದೀವಿ. ಮುಂದಿನ್ ಕಣ ಏನಾರ ಬರದ್ರೆ, ನಮ್ ಹರಪನಹಳ್ಳಿ ಹೆಸರು ಇಡ್ರಿ. ಸಣ್ಣ ಕಣ ಆದ್ರೂ ಪರವಾಗಿಲ್ಲ.” ಪಕ್ಕದಲ್ಲಿದ್ದ ಹಡಗಲಿಯವರೊಬ್ಬರು, ತಮಗೂ ಒಂದು ಹೇಳಿಟ್ಟಿರಬೇಕೆಂದು, ಆದರೆ ಅದು ಸಾಯದ ಜಾತಿಯದಾದರೆ ಒಳ್ಳೆಯದೆಂದು ಸೂಚಿಸಿದರು.

ಅವರು ಎದ್ದು ಹೋದ ಮೇಲೆ ಮನೆ ಸ್ವಲ್ಪ ಖಾಲಿಯಾಯಿತು. ದುರುಗಮ್ಮ ಎಲೆ ಅಡಿಕೆ ಹಾಕಿಕೊಳ್ಳುತ್ತ ಬಾಗಿಲ ಕಡೆ ನೋಡಿದಳು.

“ನಿಮ್ಮಪ್ಪ ಸತ್ತಾಗ ಈ ಹೊಸ್ತಿಲು ತುಳಿದೋರು ಎಷ್ಟು ಮಂದಿ ಗೊತ್ತೇನು? ನಮ್ಮ ಓಣಿಯೋರು ಬಿಟ್ರ ಒಬ್ರೂ ಇಲ್ಲ. ಇವರ ಮನಿ ಮುಂದಿನ ರಸ್ತಿಗೆಲ್ಲ ಡಾಂಬರು ಹಾಕಿದ್ದ. ಈಗ ಅವರನ್ನ ಬ್ಯಾಡ ಅಂತ ಕಳಿಸ್ಲಾ? ಕುಂದ್ರಲಿ.”

ಸಂಘಮಿತ್ರಾ ತಲೆ ತಗ್ಗಿಸಿದಳು. ಬಾರದವರಲ್ಲಿ ಅವಳೂ ಒಬ್ಬಳು. ಸುಂಕಪ್ಪ ತೀರಿಕೊಂಡ ವಾರವೇ ಯಂತ್ರದ ಅಂಕಿಗಳಲ್ಲಿ ಒಂದು ಸಣ್ಣ ಉಬ್ಬು ಕಾಣಿಸಿತ್ತು. ಕೂಡ್ಲಾನ್ ಸಿಕ್ಕೇಬಿಟ್ಟಿತೆಂದು ಜಗತ್ತೆಲ್ಲ ಅವಳ ಸುತ್ತ ನೆರೆದಿತ್ತು. ಅಪ್ಪ ಪ್ರತಿ ಸಲ ಫೋನಿನಲ್ಲಿ ಕೇಳುತ್ತಿದ್ದುದು ಒಂದೇ ಮಾತು, “ಸಿಕ್ತೇನವ್ವ?” ಅವಳ ಉತ್ತರವೂ ಒಂದೇ, “ಮುಂದಿನ ವರ್ಷ ಸಿಗತೈತಪ್ಪ.” ಸಿಕ್ಕಿತು ಎಂದು ಹೇಳಿಕೊಂಡೇ ಅಪ್ಪನ ಮುಂದೆ ನಿಲ್ಲುತ್ತೇನೆ ಎಂದು ಅವಳು ಯಂತ್ರದ ಬಳಿಯೇ ಉಳಿದಳು. ಉಬ್ಬು ಕರಗಿತು, ಅದು ಬರೀ ಅಂಕಿಗಳ ಆಟವಾಗಿತ್ತು. ಅವಳು ಊರಿಗೆ ಬಂದಾಗ ಅಪ್ಪನ ಗುಂಡಿಯ ಮಣ್ಣು ಒಣಗಿತ್ತು. ಹೀಗಿರುವಾಗ ಕೂಡ್ಲಾನ್ ಇಲ್ಲವೆಂದು ಒಪ್ಪಿಕೊಳ್ಳುವುದು ಹೇಗೆ? ಇಲ್ಲದ್ದಕ್ಕಾಗಿ ಅಪ್ಪನನ್ನು ಬಿಟ್ಟೆ ಎಂದು ಒಪ್ಪಿಕೊಂಡ ಹಾಗಲ್ಲವೇ? ಭಾರ ಏರಿಸಿದ್ದೆಲ್ಲ ಅದಕ್ಕೇ. ಇದನ್ನು ಅವಳು ಯಾವ ಲೇಖನದಲ್ಲೂ ಬರೆದಿರಲಿಲ್ಲ.

ಮಧ್ಯಾಹ್ನ ಫ್ಲೆಕ್ಸ್ ಅಂಗಡಿಯ ಗವಿಸಿದ್ದೇಶ್ ಬೆವರೊರೆಸಿಕೊಳ್ಳುತ್ತ ಬಂದ. ಸನ್ಮಾನದ ಫ್ಲೆಕ್ಸು ಆಗಲೇ ಮುದ್ರಣವಾಗಿತ್ತು. ಕೆಳಗೆ ಸಮಿತಿಯವರ ಫೋಟೊ ಸಾಲು ಸಾಲಾಗಿ, ನಡುವೆ ಸಂಘಮಿತ್ರಾಳ ದೊಡ್ಡ ಮುಖ. ಪಂಚಾಕ್ಷರಪ್ಪನವರು ಇಡೀ ಫ್ಲೆಕ್ಸು ಯಾಕೆ ಹಾಳುಮಾಡುತ್ತೀ, ತಲೆಬರಹ ಮಾತ್ರ ಬದಲಿಸು ಎಂದಿದ್ದರು. ಬದಲಿಸಿದ. ಈಗ ‘ಭಾವಪೂರ್ಣ ಶ್ರದ್ಧಾಂಜಲಿ’ಯ ಕೆಳಗೆ ಸಂಘಮಿತ್ರಾ ನಗುತ್ತಿದ್ದಳು.

“ನನ್ನನ್ನ ಯಾಕಪ್ಪ ಸಾಯಿಸ್ತಿ?” ಎಂದಳು ಸಂಘಮಿತ್ರಾ.

“ಅದಕ್ಕ ಬಂದೀನ್ರಿ ಮೇಡಂ. ನಿಮ್ಮ ಮಕದ ಮ್ಯಾಲೆ ಅಂಟಸಾಕ ತೀರಿಕೊಂಡೋರ ಫೋಟೊ ಬೇಕು.”

“ಅದರ ಫೋಟೊ ಇಲ್ಲ. ಯಾರೂ ನೋಡೇ ಇಲ್ಲ.”

“ಆಧಾರ್ ಕಾರ್ಡಿನ್ಯಾಗ ಇರೋದಾದ್ರೂ ಕೊಡ್ರಿ.”

“ಗವಿಸಿದ್ದೇಶ್, ಅದು ಕಣ ಮಾರಾಯ.”

“ಗೊತ್ತೈತ್ರಿ. ಆದ್ರ ಫೋಟೊ ಇಲ್ಲದ ಶ್ರದ್ಧಾಂಜಲಿ ನಮ್ಮ ಅಂಗಡಿಯಾಗ ಇದುವರಿಗೂ ಹಾಕಿಲ್ರಿ. ಜನ ಯಾರಿಗೆ ಕೈ ಮುಗೀಬೇಕು?”

ಪ್ರಶ್ನೆ ನ್ಯಾಯವಾದದ್ದೇ. ದುರುಗಮ್ಮ ಎದ್ದು ಒಳಗೆ ಹೋದಳು. ಗೋಡೆಯಲ್ಲಿ ಬುದ್ಧನ ಪಟದ ಪಕ್ಕದಲ್ಲಿದ್ದ ಸುಂಕಪ್ಪನ ಫೋಟೊ ತೆಗೆದು, ಸೆರಗಿನಿಂದ ಗಾಜು ಒರೆಸಿ, ಗವಿಸಿದ್ದೇಶನ ಕೈಗೆ ಕೊಟ್ಟಳು.

“ಇದನ್ನ ಹಾಕು. ಅದರ ಅಜ್ಜ ಆಗಬೇಕು.”

ಗವಿಸಿದ್ದೇಶ್ ಅದನ್ನು ಕಂಕುಳಿಗೆ ಸೇರಿಸಿಕೊಂಡು ಹೋದ.

ಭಾನುವಾರ ಮಧ್ಯಾಹ್ನ ಶಾಮಿಯಾನದ ಕೆಳಗೆ ನಿಜವಾದ ಜಗಳ ಹತ್ತಿತು. ವೃತ್ತಕ್ಕೆಂದು ಮಾಡಿಸಿದ್ದ ಬಂಗಾರದ ಬಣ್ಣದ ಗುಂಡನ್ನು ಹೆಣದ ಹಾಗೆ ಹೂವು ಹಾಕಿ ಮಲಗಿಸಿದ್ದರು. ಉರುಳಬಾರದೆಂದು ಎರಡೂ ಕಡೆ ಇಟ್ಟಿಗೆ ಕೊಟ್ಟಿದ್ದರು. ಮಣ್ಣು ಮಾಡುವುದೆಂದು ತೀರ್ಮಾನವಾಗಿತ್ತು. ಆದರೆ ಎಲ್ಲಿ, ಯಾವ ಪದ್ಧತಿಯಲ್ಲಿ? ಊರಿಗೆ ಎರಡು ರುದ್ರಭೂಮಿ, ಊರವರದೊಂದು, ದುರುಗಮ್ಮನ ಓಣಿಯವರದೊಂದು.

ಊರಿನ ಸಾವುಗಳಿಗೆಲ್ಲ ವಿಭೂತಿ ಹಚ್ಚುವ ವೀರಭದ್ರಯ್ಯನವರು ಸಮಸ್ಯೆಯನ್ನು ಗಂಭೀರವಾಗಿ ಎತ್ತಿದರು. “ಕೂಡ್ಲಿಗಿ ಹೆಸರು ಹೊತ್ತೈತಿ. ಮೂರ್ತಿ ಮಾಡಿಸಿದೋರು ಪಂಚಾಕ್ಷರಪ್ಪನವರು. ಹಂಗಾರ ಅದು ನಮ್ಮ ಪೈಕಿ ಆತು. ಕುಂದ್ರಿಸಿ ಸಮಾಧಿ ಮಾಡಬೇಕು.”

“ಗುಂಡಗಿರೋದನ್ನ ಹ್ಯಾಂಗ ಕುಂದ್ರಸ್ತೀರಿ?” ಎಂದ ಹುಲುಗೇಶ್. ಅವನಿಗೆ ಸಿಟ್ಟು ಬಂದಿತ್ತು. “ಹೆತ್ತಾಕಿ ನಮ್ಮಕ್ಕ. ಬುದ್ಧವಂದನೆ ಹೇಳಿ, ಮೇಣದಬತ್ತಿ ಹಚ್ಚಿ ನಾವು ಮಣ್ಣು ಮಾಡ್ತೀವಿ.”

“ಮೇಡಮ್ಮೋರೆ, ನೀವೇ ಹೇಳ್ರಿ,” ವೀರಭದ್ರಯ್ಯನವರು ತಿರುಗಿದರು. “ಕಣಕ್ಕ ಜಾತಿ ಯಾವುದು?”

ಮೂವತ್ತು ದೇಶಗಳಲ್ಲಿ ಉಪನ್ಯಾಸ ಕೊಟ್ಟವಳು ಸಂಘಮಿತ್ರಾ. ಕೂಡ್ಲಾನಿನ ಆಯುಷ್ಯ, ಭಾರ, ತಿರುಗುವ ಬಗೆ, ಜೋಡಿ, ಎಲ್ಲ ಲೆಕ್ಕ ಹಾಕಿಟ್ಟಿದ್ದಳು. ಇದೊಂದನ್ನು ಹಾಕಿರಲಿಲ್ಲ. “ಜಗತ್ತಿನ್ಯಾಗಿರೋ ಕಣಗಳಿಗೆ ಜಾತಿ ಇಲ್ರಿ,” ಎಂದಳು.

“ಇದು ಇಲ್ಲದ ಕಣ ಅಲ್ಲೇನ್ರೀ,” ಎಂದರು ವೀರಭದ್ರಯ್ಯನವರು, “ಇಲ್ಲದ್ದಕ್ಕ ಏನು ಬೇಕಾದ್ರೂ ಇರಬೌದು.” ಅದು ತರ್ಕಬದ್ಧವಾಗಿಯೇ ಇತ್ತು. ಸಂಘಮಿತ್ರಾಗೆ ಒಳಗೊಳಗೇ ಮೆಚ್ಚುಗೆಯಾಯಿತು.

ದುರುಗಮ್ಮ ಎದ್ದು ನಿಂತಳು. ಕೈಯಲ್ಲಿ ಕೋಲಿರಲಿಲ್ಲ, ಆದರೂ ಜನ ದಾರಿ ಬಿಟ್ಟರು. “ಅನ್ನ ಮೊದಲು ನಮ್ಮನಿಗೆ ಬಂತು. ಅಂದ ಮ್ಯಾಲೆ ಹೆಣ ನಮ್ಮದು. ನಮ್ಮ ಜಾಗಕ್ಕ ಒಯ್ತೀವಿ, ನಮ್ಮ ಯಜಮಾನನ ಮಗ್ಗುಲಿಗೆ. ಮಾತಾಡಸಾಕ ಬಂದೋರು ಮಣ್ಣಿಗೂ ಬರಬೇಕು. ಅರ್ಧಕ್ಕ ಎದ್ದು ಹೋಗೋದು ಯಾವ ಪದ್ಧತಿ ಪಂಚಾಕ್ಷರಪ್ಪ?”

ಪಂಚಾಕ್ಷರಪ್ಪನವರು ಶಾಮಿಯಾನ ನೋಡಿದರು, ಬೂಂದಿಯ ಪಾತ್ರೆ ನೋಡಿದರು, ಐದು ತಾಲ್ಲೂಕಿನ ಜನರ ಮುಖ ನೋಡಿದರು. ಯಾರ ಮುಖದಲ್ಲೂ ಹಿಡಿದುಕೊಳ್ಳಲು ಆಸರೆ ಸಿಗಲಿಲ್ಲ. “ಯಾವ ಪದ್ಧತಿಯೂ ಅಲ್ಲವ್ವ,” ಎಂದು ಟವೆಲು ಹೆಗಲಿಗೆ ಹಾಕಿಕೊಂಡರು. “ಎತ್ರಪ್ಪ.”

ಮುಂದೆ ಹಲಗೆವಾದ್ಯ ಮೊಳಗಿತು. ಸಿಮೆಂಟಿನ ಗುಂಡು ಜಾಸ್ತಿ ಭಾರವಿದ್ದುದರಿಂದ ದಾರಿಯುದ್ದಕ್ಕೂ ಹೆಗಲು ಬದಲಾಯಿಸಬೇಕಾಯಿತು. ಹಡಗಲಿಯವರ ಹೆಗಲಿಂದ ಹರಪನಹಳ್ಳಿಯವರ ಹೆಗಲಿಗೆ, ಅಲ್ಲಿಂದ ಕೊಟ್ಟೂರಿನವರ ಹೆಗಲಿಗೆ. ಭಾರ ಏರಿಸಿದ ತಪ್ಪು ನನ್ನದೇ ಎಂದು ಸಂಘಮಿತ್ರಾ ಅಂದುಕೊಂಡಳು. ಫ್ಲೆಕ್ಸನ್ನು ಮುಂದೆ ಎತ್ತಿ ಹಿಡಿದು ಮಂಡಕ್ಕಿ ತೂರಿದರು. ಹೆದ್ದಾರಿಯಲ್ಲಿ ಬಸ್ಸುಗಳು ನಿಂತವು. ಪ್ರಯಾಣಿಕರು ಫ್ಲೆಕ್ಸಿನಲ್ಲಿದ್ದ ಸುಂಕಪ್ಪನ ಮುಖ ನೋಡಿ, ಕಿಟಕಿಯಿಂದಲೇ ಕೈ ಮುಗಿದರು. ಸುಂಕಪ್ಪ ತಾನೇ ಡಾಂಬರು ಹಾಕಿದ್ದ ರಸ್ತೆಯಲ್ಲಿ ಮೊದಲ ಸಲ ಊರೆಲ್ಲ ಹಿಂದೆ ಬರುವಂತೆ ಹೋದ.

ಗುಂಡಿ ತಯಾರಿತ್ತು, ಸುಂಕಪ್ಪನ ಸಮಾಧಿಯ ಮಗ್ಗುಲಲ್ಲೇ. ಹುಲುಗೇಶ್ ಮೇಣದಬತ್ತಿ ಹಚ್ಚಿ ವಂದನೆ ಹೇಳಿದ. ತಮ್ಮದೂ ಒಂದಿರಲಿ ಎಂದು ವೀರಭದ್ರಯ್ಯನವರು ಗುಂಡಿಗೆ ವಿಭೂತಿ ಹಾಕಿದರು, ಯಾರೂ ತಡೆಯಲಿಲ್ಲ. ಗುಂಡು ಧಡ್ ಎಂದು ಒಳಗೆ ಬಿತ್ತು. ಪಂಚಾಕ್ಷರಪ್ಪನವರು ಬಗ್ಗಿ ಮೊದಲ ಹಿಡಿ ಮಣ್ಣು ತೆಗೆದುಕೊಂಡರು. ಗುಂಡಿಗೆ ಹಾಕಿದರು. ಆಮೇಲೆ, ಯಾರೂ ಹೇಳದೆಯೇ, ಇನ್ನೊಂದು ಹಿಡಿ ತೆಗೆದು ಪಕ್ಕದ ಸಮಾಧಿಯ ಮೇಲೆ ಹಾಕಿ, ತಲೆ ಎತ್ತದೆ ಹಿಂದೆ ಸರಿದರು. ದುರುಗಮ್ಮ ಅದನ್ನು ನೋಡಿದಳು. ಮುಖ ತಿರುಗಿಸಿಕೊಂಡು ಸೆರಗು ಹುಡುಕಿದಳು. ಮೂರು ದಿನದಲ್ಲಿ ಆಕೆ ಅತ್ತದ್ದು ಅದೇ ಮೊದಲು.

ಸಂಘಮಿತ್ರಾಳ ಸರದಿ ಬಂತು. ಮಣ್ಣು ಕೈಗೆತ್ತಿಕೊಂಡಾಗಲೇ ಫೋನು ಹೊಡೆದುಕೊಂಡಿತು. ಎಡಗೈಯಲ್ಲಿ ಎತ್ತಿದಳು.

“ಮೇಡಂ, ಸಂಜೆ ಆಯಿತು,” ಪ್ರವೀಣಕುಮಾರನ ದನಿ. “ನಿಮ್ಮ ಹೆಸರು ಸೇರಿಸಿ ಕಳಿಸಿಬಿಡಲಾ? ಸ್ವಲ್ಪ ಭಾರ ಏರಿಸಿದರೆ ಸಾಕು ಮೇಡಂ, ಕೂಡ್ಲಾನ್ ಉಳಿದುಕೊಳ್ಳುತ್ತೆ. ಏನು ಅಲ್ಲಿ, ಹಲಗೆ ಸದ್ದು?”

“ಮಣ್ಣಿಗೆ ಬಂದಿದೀನಿ, ಪ್ರವೀಣ.”

“ಅಯ್ಯೋ, ಕ್ಷಮಿಸಿ ಮೇಡಂ. ಯಾರು ಹೋದರು?”

ಸಂಘಮಿತ್ರಾ ಗುಂಡಿಯೊಳಗೆ ನೋಡಿದಳು. ಬಂಗಾರದ ಬಣ್ಣದ ಮೇಲೆ ಆಗಲೇ ಅರ್ಧ ಮಣ್ಣು. ತಲೆ ಎತ್ತಿ ಫ್ಲೆಕ್ಸು ನೋಡಿದಳು.

“ನಮ್ಮಪ್ಪ,” ಎಂದಳು.

ಅವಳ ಅಪ್ಪ ತೀರಿಕೊಂಡಾಗ ಪ್ರವೀಣಕುಮಾರನೂ ಅದೇ ಯಂತ್ರದ ಬಳಿ ಅವಳ ಜೊತೆಗಿದ್ದವನು. “ಮೇಡಂ, ಅವರು ಆಗಲೇ...”

“ಹೂಂ. ಆಗ ನಾನು ಬರಲಿಲ್ಲ. ನನ್ನ ಹೆಸರು ತೆಗೆದುಬಿಡಪ್ಪ. ಇನ್ನು ಭಾರ ಏರಿಸೋದು ಬೇಡ.”

ಫೋನು ಅವ್ವನ ಕೈಗೆ ಕೊಟ್ಟಳು. ಗುಂಡಿಯ ಅಂಚಿಗೆ ಬಂದು ಬಗ್ಗಿದಳು. ಹಲಗೆ ಬಡಿಯುವವರು ಯಾಕೋ ನಿಲ್ಲಿಸಿದರು. ಸಂಘಮಿತ್ರಾ ಕೈ ಬಿಚ್ಚಿ ಮಣ್ಣು ಬಿಟ್ಟಳು.

“ಸಿಗಲಿಲ್ಲಪ್ಪಾ,” ಎಂದಳು, ಊರಿಗೆಲ್ಲ ಕೇಳುವ ಹಾಗೆ.